ಹಗಲು ದೀವಟಿಗೆ

ಸಿರುಗುಪ್ಪದ ಆಚೆ, ಮೆಣಸಿನಕಾಯಿ ಕಣ.
ಮಟಮಟ ಮಧ್ಯಾಹ್ನ.
ನೆರಳು ಅವರವರ ಕಾಲಬುಡದಲ್ಲಿ
ಮುದುಡಿ ಕೂತ ಹೊತ್ತು.

ಎರ್ರಿಸ್ವಾಮಿ ಫ್ಲ್ಯಾಶಿನ ಕೋಲು ಎತ್ತಿದ.
ಕಾಯಿ ತಿರುವುತ್ತಿದ್ದ ಹೆಂಗಸರು
ಸೆರಗು ಬಾಯಿಗಿಟ್ಟು ನಕ್ಕೇ ನಕ್ಕರು:
"ಏನಪಾ, ಇಷ್ಟು ಬಿಸಿಲು ಸಾಲದೇನು ನಿನಗ?
ಸೂರ್ಯಪ್ಪನ್ನ ಬ್ಯಾಟರಿ ಬಿಟ್ಟು ಹುಡುಕ್ತೀಯೇನು?"
ನಾನೂ ನಕ್ಕೆ. ನಕ್ಕಿದ್ದಕ್ಕೆ ಘಾಟು
ಗಂಟಲಿಗಿಳಿದು ಕೆಮ್ಮಿದೆ.

ಸುಂಕಮ್ಮ ಮಾತ್ರ ನಗಲಿಲ್ಲ.
ಎಲೆಯಡಿಕೆ ಸಂಚಿಯಿಂದ ಮೂರು ಕಾರ್ಡು ತೆಗೆದು
ಮೊಣಕಾಲ ಮೇಲೆ ಹರವಿದಳು:
ರೇಷನ್ನಿನದು, ಓಟಿನದು, ಕೂಲಿಯದು.
ಮೂರರಲ್ಲೂ ನೆತ್ತಿ ಮೇಲಿನ ಸೂರ್ಯ
ಹುಬ್ಬಿನ ಕೆಳಗೆ ಎರಡೆರಡು ಗುಂಡಿ ತೋಡಿದ್ದಾನೆ;
ಓಟಿನದರಲ್ಲಂತೂ ಮೂಗಿನ ನೆರಳು
ತುಟಿ ಮೇಲೆ ಬಿದ್ದು ಮೀಸೆಯಾಗಿದೆ.
"ಬೂತಿನಾಗ ಏಜೆಂಟ ಕೇಳಿದ,
ಇದು ನಿನ್ನ ಗಂಡಂದೇನಬೇ ಅಂತ.
ನನ್ನ ಕಣ್ಣು ಹೆಂಗದಾವು, ಒಮ್ಮೆ ನೋಡಬೇಕು ನಾನು."

ಬಿಸಿಲು ಕಾಯಿ ಒಣಗಿಸಬಲ್ಲದು,
ಕಣ್ಣು ಕಾಣಿಸಲಾರದು.
ಬೆಳಕು ಹೆಚ್ಚಾದಲ್ಲೇ ಕತ್ತಲೂ ಗಟ್ಟಿ.
ಇದನ್ನು ಕಲಿಸಿದ್ದು ಯಾವ ಗುರುವೂ ಅಲ್ಲ,
ಇಪ್ಪತ್ತು ವರ್ಷದಲ್ಲಿ ನಾನು ಕೆಡಿಸಿದ
ಮದುಮಕ್ಕಳ ಮುಖಗಳು.

"ಸೂರ್ಯನಿಗೆ ಬೆನ್ನು ಕೊಡಬೇ" ಅಂದೆ.
"ಅದೇನು ಹೊಸಾದಲ್ಲ ಬಿಡು" ಅಂದಳು.
ಕೂದಲಂಚಿಗೆ ಬೆಳ್ಳಿಜರಿ ಬಂತು.
ಮುಖ ಬಾವಿಯೊಳಗಿನ ನೀರು.
ಹರವಿದ ಕಾಯಿಯ ಕೆಂಪು ಮಾತ್ರ
ಕೆಳಗಿನಿಂದೆದ್ದು ಗದ್ದಕ್ಕೆ ಮೆತ್ತಿತ್ತು.

ಸೆಕೆಂಡಿನ ಇನ್ನೂರರಲ್ಲೊಂದು ಪಾಲು.
ಅದಕ್ಕಿಂತ ಚುರುಕಾಗಿ ಓಡಲೊಲ್ಲದು
ಫ್ಲ್ಯಾಶಿನ ಜೊತೆ ನನ್ನ ಹಳೆ ಕ್ಯಾಮೆರಾ.
ಲೆನ್ಸಿನ ಬಾಯಿ ಕಿರಿದು ಮಾಡಿ
ಆಕಾಶದ ಗದ್ದಲ ತಗ್ಗಿಸಿದೆ.
ಕೊಡೆ ಗಾಳಿಗೆ ಹಾರಿ ಕಾಲುವೆಗೆ ಬಿತ್ತು.
ನಕ್ಕವರಲ್ಲೇ ಒಬ್ಬಳು
ಬುತ್ತಿ ಕಟ್ಟಿದ ಬಿಳಿ ಬಟ್ಟೆ ಬಿಚ್ಚಿ ಕೊಟ್ಟಳು;
ಜೋಳದ ಹಿಟ್ಟು ಇನ್ನೂ ಅಂಟಿತ್ತು ಅದಕ್ಕೆ.
ಅದನ್ನೇ ದೀಪದ ಮುಂದೆ ಹಿಡಿಸಿದೆ.

ಮೊದಲನೆಯದಕ್ಕೆ ಕಣ್ಣು ಮುಚ್ಚಿದಳು.
ಎರಡನೆಯದಕ್ಕೆ ಫ್ಲ್ಯಾಶೇ ಉರಿಯಲಿಲ್ಲ;
ಸೆಲ್ಲು ಹಂಚಿನಂತಾಗಿ ಕುಂಯ್ ಅನ್ನುತ್ತಿತ್ತು.
ಕಾದೆವು, ಎರಡೂ ಅರ್ಥದಲ್ಲಿ.

ಹಿಂದೊಂದು ಕಾಲಕ್ಕೆ ಪಾಳೆಗಾರನೋ ಸ್ವಾಮಿಯೋ
ಹೊರಟರೆ, ಮುಂದೆ
ಹಗಲಲ್ಲೇ ದೀವಟಿಗೆ ಹಿಡಿಯುತ್ತಿದ್ದರಂತೆ.
ದಾರಿ ಕಾಣಲೆಂದಲ್ಲ,
ಬರುತ್ತಿರುವವರು ಎಂಥವರೆಂದು ಕಾಣಲೆಂದು.
ಇದನ್ನೇನೂ ಅವಳಿಗೆ ಹೇಳಲಿಲ್ಲ ನಾನು.
"ಎತ್ತಿ ಹಿಡಿಯೋ" ಅಂದೆ ಎರ್ರಿಸ್ವಾಮಿಗೆ, ಅಷ್ಟೇ.

ಮೂರನೆಯದು.

ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಗೆ
ಅಂಗೈ ನೆರಳು ಹಿಡಿದು
ಬಗ್ಗಿ ನೋಡಿದಳು, ಬಹಳ ಹೊತ್ತು.
ಎರಡೂ ಕಣ್ಣಲ್ಲಿ ಒಂದೊಂದು ಬಿಳಿ ಚುಕ್ಕಿ.
"ಇದೇನಿದು? ಹೂವು ಬಿದ್ದದೇನು ಕಣ್ಣಾಗ?"
"ಅಲ್ಲಬೇ, ದೀಪ ಅದು. ಇವ ಹಿಡಿದ ದೀಪ."
"ಹಂಗಾರ ಇರಲಿ" ಅಂದಳು,
ಕಾಯಿ ತಿರುವಲು ಹೋದಳು.

ಆ ಕಡೆ, ನಕ್ಕವರು ಒಬ್ಬೊಬ್ಬರೇ
ಸೆರಗು ಸರಿಮಾಡಿಕೊಳ್ಳುತ್ತಿದ್ದರು.
ಸೆಲ್ಲು ಇನ್ನೂ
ಕುಂಯ್ ಅನ್ನುತ್ತಲೇ ಇತ್ತು.