ಹಸಿ ವಾಸನೆ

ಜುಲೈ. ಕೂಮಾದಲ್ಲಿ ಮೈನಸ್ ಆರು.
ಗಾಜಿನ ಮೇಲೆ ಇಬ್ಬನಿ ಕಲ್ಲುಪ್ಪಿನ ಹಾಗೆ ಗಟ್ಟಿ,
ಹಳೆಯ ಬ್ಯಾಂಕ್ ಕಾರ್ಡಿನಲ್ಲಿ ಕೆರೆದೆ.
ಹಿಂದೆ ಎರಡು ಟನ್ ಸೌದೆ, ಮೇಲೆ ಸೆಟೆದ ತಾರ್ಪಾಲು.
ಕೀಲಿ ತಿರುವಿದರೆ ಇಸುಜು
ಗೊರ ಗೊರ ಎಂದು, ತಡೆದು, ಮತ್ತೆ ಗೊರ ಎಂದು,
ಕೊನೆಗೆ ಮೈ ಕೊಡವಿ ಎದ್ದು ಕೆಮ್ಮಿತು.
ಬಿಳಿ.
ಮೊದಲು ಬೇಲಿ ಮರೆಯಾಯಿತು, ಆಮೇಲೆ ಪಕ್ಕದವರ ಅಂಚೆಪೆಟ್ಟಿಗೆ,
ಆಮೇಲೆ ಪಕ್ಕದ ಮನೆ.

ಊರಿಗೆಲ್ಲ ಬೆಂಕಿ ಮಾರುವ ಗಾಡಿ.
ಇದರ ಒಲೆಯೇ ಹತ್ತುತ್ತಿಲ್ಲ.

ರೇಲೀನಳ ಶೆಡ್ಡು, ರೈಲು ಬರದ ಸ್ಟೇಷನ್ನಿನ ಆಚೆ.
"ಬಿಸಿ ಗಾಡಿ ಸುಳ್ಳು ಹೇಳುತ್ತೆ.
ರಾತ್ರಿ ಇಲ್ಲೇ ಬಿಡು, ಆರು ಗಂಟೆಗೆ ಬಾ."

ಬಂದೆ. ಸ್ಪಾನರ್ ಇನ್ನೂ ಗೋಡೆಯಲ್ಲೇ ಇತ್ತು.
"ಕಪ್ಪು ಹೊಗೆಯಾದರೆ ಅತಿಯಾಗಿ ತಿಂದಿದೆ,
ನೀಲಿಯಾದರೆ ಆಯಿಲ್ ಕುಡಿದಿದೆ,
ಬಿಳಿಗೆ ಎರಡು ನಾಲಗೆ. ಮೂಸಿಯೇ ನೋಡಬೇಕು"
ಎಂದವಳು ಮೂಸಲಿಲ್ಲ, ನನ್ನ ಮುಖ ನೋಡಿದಳು.
"ಎರಡು ವರ್ಷದ ಹಿಂದೆ ಒಂದು ಜ್ವರ. ಮೂಗು ಅದರ ಜೊತೆ ಹೋಯಿತು.
ಕಾಫಿ ಅಂದರೆ ಈಗ ಬರೀ ಬಿಸಿ.
ನೀನು ಮೂಸು. ನನಗೆ ಹೇಳು."

ಸಿಹಿಯಾಗಿದ್ದರೆ ಕೂಲೆಂಟು ಒಳಗೆ ಸೋರುತ್ತಿದೆ,
ಹೆಡ್ ಗ್ಯಾಸ್ಕೆಟ್ಟು,
ನನ್ನ ಎರಡು ತಿಂಗಳ ಸೌದೆ ಅಲ್ಲಿಗೆ ಬೂದಿ.

ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಕಣ್ಣು ಚುರುಗುಟ್ಟಿತು.
ಸಿಹಿ ಇಲ್ಲ.
ಬೇಕಾದ್ದು ಮೂಗಿಗೆ ಬೇಗ ಸಿಗುತ್ತದೆ ಎಂಬ ಅನುಮಾನಕ್ಕೆ
ಇನ್ನೊಮ್ಮೆ ಎಳೆದುಕೊಂಡೆ.
ಪಾಕವಲ್ಲ, ಬೆಲ್ಲವಲ್ಲ. ಕಮಟಲ್ಲ.
ಘಾಟು ಇದೆ, ಘಾಟೇ ಅಲ್ಲ.
ಸೀದದ್ದೂ ಅಲ್ಲ, ಸೀಯುವುದಕ್ಕೆ ಮೊದಲು ಬೇಯಬೇಕಲ್ಲ.
ಇದಕ್ಕೊಂದು ಮಾತಿದೆ, ನಾಲಗೆ ತುದಿಯಲ್ಲೇ ಇದೆ,
ಅವಳ ಭಾಷೆಯ ಅಂಗಡಿಯಲ್ಲಿ ಮಾತ್ರ ಸ್ಟಾಕಿಲ್ಲ.

"ಹಸಿ" ಎಂದೆ.
"ಹಾಸಿ?"
ಎಣ್ಣೆ ಕಾಯುವ ಮೊದಲೇ ರುಬ್ಬಿದ ಮಸಾಲೆ ಹಾಕಿಬಿಟ್ಟರೆ,
ಬಾಣಲೆಗೆ ಬಿದ್ದಿದೆ, ಬಾಣಲೆ ಇನ್ನೂ ಒಪ್ಪಿಲ್ಲ,
ಅದು ಹೋಗುವ ತನಕ ಕೈಯಾಡಿಸುತ್ತಲೇ ಇರು ಅಂತಾರೆ,
ಆ ವಾಸನೆ.

ರೇಲೀನ್ ತೊಡೆ ತಟ್ಟಿದಳು.
"ಉರಿಯದ ಡೀಸೆಲ್. ಸಾಕು, ಏಳು."

ಮುಂದಿನದು ಅವಳ ಕೈಯದು.
ಕ್ಯಾಬಿನ್ ಎತ್ತಿ, ಎಕ್ಸಾಸ್ಟಿನ ನಾಲ್ಕು ಕೊರಳಿಗೂ
ತಾಪ ಅಳೆಯುವ ಗನ್ನಿನ ಕೆಂಪು ಚುಕ್ಕೆ ಇಟ್ಟಳು.
ತೊಂಬತ್ತು. ಎಂಬತ್ತೆಂಟು. ಮೂವತ್ತೊಂದು. ತೊಂಬತ್ತೆರಡು.
ಮೂರನೆಯದು, ಮದುವೆ ಪಂಕ್ತಿಯಲ್ಲಿ
ಎಲೆ ಮುಟ್ಟದೆ ಮುನಿದು ಕೂತ ಭಾವನ ಹಾಗೆ.
ಗ್ಲೋ ಪ್ಲಗ್ಗಿಗೆ ಮೀಟರ್ ತಾಗಿಸಿದರೆ ಮುಳ್ಳು ಅಲುಗಲಿಲ್ಲ.
ಬಿಚ್ಚಿ ಕೈಗೆ ಕೊಟ್ಟಳು: ತುದಿ ಕರಗಿ ಮೊಂಡಾಗಿದೆ.
"ತಾನಾಗಿ ಹೀಗೆ ಕರಗಲ್ಲ ಇದು. ಇಂಜೆಕ್ಟರ್ ತೊಟ್ಟಿಕ್ಕುತ್ತಿರಬೇಕು.
ಅದು ಇನ್ನೊಂದು ಬಿಲ್ಲು, ಇನ್ನೊಂದು ತಿಂಗಳು."

ಹೊಸದು ಹಾಕಿ, ಇಂಜಿನ್ ತಣಿಯಲೆಂದು ಮಧ್ಯಾಹ್ನದವರೆಗೆ ಕಾದೆವು.
ಗೊರ, ಹತ್ತಿತು.
ಆದರೂ ಹಿಂದೆ ತೆಳ್ಳಗೆ ಬಿಳಿ. ನನ್ನ ಎದೆ ಧಸಕ್ಕೆಂದಿತು.
ರೇಲೀನ್ ನನ್ನ ಮುಖಕ್ಕೇ ಹಾ ಎಂದು ಉಸಿರು ಬಿಟ್ಟಳು,
ಅದೂ ಅಷ್ಟೇ ಬಿಳಿ.
"ಈಗ ಏನು ವಾಸನೆ?"
"ಏನೂ ಇಲ್ಲ."
"ನನಗೂ."

ಕಾರ್ಡಿನಲ್ಲಿ ದೋಷ ಎಂಬಲ್ಲಿ ತನ್ನ ಲಿಪಿಯಲ್ಲಿ ಹಾಸಿ ಎಂದು ಬರೆದಳು,
ಅರ್ಧ ದುಡ್ಡು, ಅರ್ಧ ಸೌದೆ ಎಂದಳು.
ಇಳಿಸುವಾಗ ಒಂದು ಸೀಳನ್ನು ಹಳೇ ಅಭ್ಯಾಸಕ್ಕೆ
ಮೂಗಿನ ತನಕ ಒಯ್ದು, ನಿಂತು,
ನನ್ನ ಕಡೆ ಚಾಚಿದಳು.

ಮೂಸಿದೆ. ಎರಡು ಬೇಸಿಗೆ ಕಂಡ ಮರ.
"ಹಸಿ ಅಲ್ಲ" ಎಂದೆ.
"ಹಾಸಿ ಅಲ್ಲ" ಎಂದು ಗೋಡೆಗೆ ಒಟ್ಟಿದಳು.