ನಿನ್ನೆಯ ನಂಬರು

ಎಂಟೂ ಮುಕ್ಕಾಲು. ಗ್ರೀನ್ ಸ್ಟ್ರೀಟಿನ ನನ್ನ ಶಟರು
ಅರ್ಧಕ್ಕೆ ಕಚ್ಚಿ ನಿಂತು, ಒದ್ದ ಮೇಲೆ ಏರಿತು.
ಕಾರವಾರದ ಕಬ್ಬಿಣಕ್ಕೆಲ್ಲ
ಉಪ್ಪುಗಾಳಿಯೇ ಮೊದಲ ಗಿರಾಕಿ.

ಕಂಪ್ಯೂಟರಿನ ಗುಂಡಿ ಒತ್ತಿದೆ. ಅದು ಕಣ್ಣುಬಿಟ್ಟು,
ನಾಲ್ಕು ಸಲ ಗೊರಗುಟ್ಟಿ,
ಮೂರಡಿ ಆಚೆ ಹಸಿರು ದೀಪ ಹೊತ್ತಿಸಿಕೊಂಡು
ಸಿದ್ಧವಾಗಿ ಕೂತಿದ್ದ ಪ್ರಿಂಟರಿನ ಬಗ್ಗೆ ಹೇಳಿತು:
ಆಫ್‌ಲೈನ್.

ರಾತ್ರಿ ಏಳರವರೆಗೆ ಎರಡೂ ಚೆನ್ನಾಗಿದ್ದವು.
ಯಾರದೋ ಜಾತಿ ಸರ್ಟಿಫಿಕೇಟು, ಯಾರದೋ ದೋಣಿಯ ಪರವಾನಗಿ,
ಕೊನೆಗೊಂದು ಮದುವೆ ಕಾಗದದ ಪ್ರೂಫು:
ಇದು ಹೇಳಿತು, ಅದು ಕೇಳಿತು.
ಬೆಳಗಾಗುವಷ್ಟರಲ್ಲಿ
ನೀನು ಯಾರೋ, ನಾನು ಯಾರೋ.

ಒಂಬತ್ತು ದಿನದಿಂದ ಇದೇ ಪಾಡು.
ರೌಟರಿನ ತಂತಿ ಕಿತ್ತು ಚುಚ್ಚಿದೆ.
ಡ್ರೈವರು ಅಳಿಸಿ ಮತ್ತೆ ಹಾಕಿದೆ;
ಹಾಕಿದ ದಿನ ಸರಿ, ಮರುದಿನ ಮತ್ತದೇ.
ಯಾದಿಯಲ್ಲೀಗ ಒಂದೇ ಹೆಸರಿನ ಐದು ಪ್ರಿಂಟರು,
ನಕಲು ಎರಡು, ನಕಲು ಮೂರು,
ಇರುವುದು ಮಾತ್ರ ಒಂದು.
ಊದಿನಕಡ್ಡಿಯನ್ನೂ ಹಚ್ಚಿದೆ, ಸುಳ್ಳು ಯಾಕೆ.

ಬಾಗಿಲಲ್ಲಿ ಶೇವಂತಿ ತಾಂಡೇಲ,
ತೋಡೂರಿನಿಂದ ಮೊದಲ ಬಸ್ಸು ಹಿಡಿದು ಬಂದವಳು.
ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆ, ಕೊಟ್ಟೆಯೊಳಗೆ ಪಾಸ್‌ಬುಕ್ಕು,
ಪಾಸ್‌ಬುಕ್ಕಿನೊಳಗೆ ಗಂಡನ ಫೋಟೊ.
ತಾನು ಬದುಕಿದ್ದೇನೆ ಎಂಬುದಕ್ಕೆ
ಒಂದು ಕಾಗದ ಬೇಕು ಆಕೆಗೆ,
ನವೆಂಬರು ಮುಗಿಯುವುದರೊಳಗೆ.
ಹೆಬ್ಬೆರಳು ಮೂರನೇ ಸಲಕ್ಕೆ ಒಪ್ಪಿತು
(ಮೀನು ಹೆರೆದು ಹೆರೆದು ಗೆರೆಯೇ ಉಳಿದಿಲ್ಲ).
ಪರದೆಯ ಮೇಲೆ ಬದುಕಿದಳು.
ಕಾಗದದ ಮೇಲೆ ಇನ್ನೂ ಇಲ್ಲ.

"ಕಿತೆಂ ಜಾಲೆಂ ಗೊ?"
"ಪ್ರಿಂಟರು ಸಿಗ್ತಾ ಇಲ್ಲ."
ಪ್ರಿಂಟರನ್ನು ನೋಡಿದಳು. ನನ್ನನ್ನು ನೋಡಿದಳು.
"ಅಲ್ಲೇ ಉಂಟಲ್ಲ."

ಕೋಡಿಬಾಗದ ಉಲ್ಲಾಸನಿಗೆ ಫೋನು ಹಚ್ಚಿದೆ.
ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡೇ ಅಂದ:
"ರಾತ್ರಿ ಮೇನ್ ಸ್ವಿಚ್ ತೆಗೀತೀರಲ್ಲ ಅಕ್ಕಾ,
ಬೆಳಿಗ್ಗೆ ರೌಟರು ಎಲ್ಲರಿಗೂ ಹೊಸ ನಂಬರು ಹಂಚ್ತದೆ.
ಪ್ರಿಂಟರಿಗೆ ನಿನ್ನೆ ಹನ್ನೆರಡು, ಇವತ್ತು ಹದಿನೇಳು.
ಕಂಪ್ಯೂಟರು ಎದ್ದ ಕೂಡಲೇ ಹನ್ನೆರಡರ ಬಾಗಿಲು ಬಡೀತದೆ,
ಯಾರೂ ಇಲ್ಲ ಹೇಳಿ ವಾಪಸು ಬರ್ತದೆ.
ತಪ್ಪು ಯಾರದ್ದೂ ಅಲ್ಲ."

ಅದನ್ನೇ ಶೇವಂತಿಗೆ ಹೇಳಿದೆ. ನಕ್ಕಳು.
ಗಟ್ಟಿಯಾಗಿ, ಬೀದಿಯಾಚೆಯ ಟೈಲರು ತಲೆ ಎತ್ತುವಷ್ಟು.

"ನೌಕಾನೆಲೆಗೆ ಊರು ಬಿಟ್ಟೆವಲ್ಲ,
ಅಮೇಲೆ ಎರಡು ವರ್ಷ
ನಮ್ಮ ಕಾಗದ ಎಲ್ಲ ಹಳೇ ಮನೆಗೇ ಹೋಗ್ತಿತ್ತು.
ಮನೆ ಎಲ್ಲಿ? ಗೇಟು.
ಗೇಟಿನವ ಮೇಲೆ 'ಇಲ್ಲ' ಅಂತ ಬರೆದು ಕಳಿಸ್ತಿದ್ದ.
ಸುತ್ತಿ ಸುತ್ತಿ
ನಾವು ಇಲ್ಲ ಅಂತ ಬರೆದ ಕಾಗದ
ನಮ್ಮ ಕೈಗೇ ಬಂತು."

"ಏನು ಮಾಡಿದಿರಿ?"

"ಎಂಥದು ಮಾಡೋದು. ದೋಣಿಗೆ ಹಚ್ಚಿದ ಬಣ್ಣ ಉಳಿದಿತ್ತು.
ಕಾಲನಿಯ ಮನೆಯ ಗೋಡೆಗೆ
ನಂಬರು ಬರೆದೆ, ಈ ಎತ್ತರ.
ಮಳೆಗೂ ಹೋಗಲಿಲ್ಲ ಅದು."

ಉಲ್ಲಾಸ ಇನ್ನೂ ಫೋನಿನಲ್ಲೇ ಇದ್ದ:
"ಪ್ರಿಂಟರಿಗೆ ಖಾಯಂ ನಂಬರು ಕೊಟ್ಟುಬಿಡಿ ಅಕ್ಕಾ,
ಇನ್ನೂರ ಐವತ್ತರ ಒಳಗೆ, ಯಾವುದಾದರೂ."

ಯಾವುದಾದರೂ ಅಂದರೆ ನನಗೆ ಯಾವುದೂ ತೋಚದು.
"ನಿಮ್ಮ ಮನೆಯದು ಎಷ್ಟು?"
"ಇನ್ನೂರ ಹನ್ನೆರಡು."
ಒತ್ತಿದೆ.

ಮೇನ್ ಸ್ವಿಚ್ ತೆಗೆದೆ. ಫ್ಯಾನು ಸುತ್ತುತ್ತ ಸೋತಿತು.
ಮತ್ತೆ ಹಾಕಿದೆ. ಇಬ್ಬರೂ ಮಾತಾಡಲಿಲ್ಲ.
ಕಂಪ್ಯೂಟರು ಎದ್ದಿತು, ಗೊರಗುಟ್ಟಿತು, ಹುಡುಕಿತು.
ಮೂಲೆಯಲ್ಲಿ ಪ್ರಿಂಟರು ಗಂಟಲು ಸರಿಮಾಡಿಕೊಂಡಿತು.

ಬಿಸಿಬಿಸಿ ಕಾಗದವನ್ನು
ಕೆನ್ನೆಗೊಮ್ಮೆ ಒತ್ತಿ, ನಾಲ್ಕಾಗಿ ಮಡಚಿ,
ಗಂಡನ ಪಕ್ಕಕ್ಕೆ ಇಟ್ಟಳು.

ಇಪ್ಪತ್ತು ರೂಪಾಯಿ ಅಂದೆ.
ಹದಿನೈದು ಎಣಿಸಿ ಟೇಬಲ್ಲಿನ ಮೇಲಿಟ್ಟು
ಸೆರಗು ಸಿಕ್ಕಿಸಿಕೊಳ್ಳುತ್ತ ಹೊರಟಳು:
"ಐದು ನಂಬರಿನ ಬಾಬ್ತು."