ಹಾರ್ಮೋನಿಯಂ ಅಡಿಯ ಕೆಂಪು

ಹ್ಯಾಲಿಫ್ಯಾಕ್ಸಿನ ಈ ಬಣ್ಣದ ಮನೆಗೆ ಕಿಟಕಿ ಒಂದೇ,
ಅದೂ ಉತ್ತರಕ್ಕೆ.
ಬಿಸಿಲು ಸುಳ್ಳು ಹೇಳುತ್ತದೆ ಅನ್ನುತ್ತಾಳೆ ಡೋರೀನ್ ಬ್ಯಾರಕ್ಲಫ್,
ನಲವತ್ತೊಂದು ವರ್ಷ ಉಣ್ಣೆ ಅದ್ದಿದವಳು,
ಉಗುರ ಸಂದಿಯಲ್ಲಿ ಇನ್ನೂ ಯಾವುದೋ ಹಳೆಯ ನೀಲಿ.

ಇಂದು ಬಂದದ್ದು
ಗುಡ್ಡದ ಮೇಲಿನ ಚಾಪೆಲ್ಲಿನ ಜಮಖಾನೆಯ ಎರಡು ತುಂಡು.
ಒಂದು ನಡುಹಾದಿಯದು:
ಮದುವೆ, ಶವಪೆಟ್ಟಿಗೆ, ಒದ್ದೆ ಬೂಟು
ತುಳಿದು ತುಳಿದು ತವೆದದ್ದು.
ಇನ್ನೊಂದು, ಹಾರ್ಮೋನಿಯಂ ಸರಿಸಿದಾಗ ಸಿಕ್ಕ ಚೌಕ.
ಕಾಲು ಸೋಕದ, ಬೆಳಕೂ ಮುಟ್ಟದ
ಕಣ್ಣು ಕುಕ್ಕುವ ಕೆಂಪು.
ಎರಡೂ ಒಂದೇ ದಿನ ಒಂದೇ ಕೊಪ್ಪರಿಗೆಯಲ್ಲಿ ಮಿಂದವು.

ತೇಪೆ ಹಾಕಬೇಕು, ಚೀಟಿಯಲ್ಲಿತ್ತು,
ಬಣ್ಣ ಮೊದಲಿನಂತೆಯೇ ಇರಲಿ.
ಯಾವ ಮೊದಲು?

ನಿಮ್ಮಲ್ಲಿ ಇದಕ್ಕೇನು ಹೆಸರು?
ಚೌಕ ಎತ್ತಿ ಹಿಡಿದು ಕೇಳಿದಳು ಡೋರೀನ್.
ಕೆಂಗೆಂಪು, ಅಂದೆ.
ಒಂದೇ ಮಾತನ್ನು ಎರಡು ಸಲ ಅದ್ದಿ ತೆಗೆದ ಹಾಗೆ.
ಹಸಿರು ಸಾಲದಾದರೆ ಹಚ್ಚ ಹಸಿರು,
ಕತ್ತಲು ಸಾಲದಾದರೆ ಕಗ್ಗತ್ತಲು.
ಮತ್ತೆ ಇದಕ್ಕೆ? ನಡುಹಾದಿಯ ತುಂಡು ತೋರಿಸಿದಳು.
ಮಂಕು. ಮಬ್ಬು. ಪೇಲವ.
ಹೇಳುತ್ತ ಹೇಳುತ್ತ ತಡೆದೆ:
ನಮ್ಮ ಲೆಕ್ಕದ ಮೇಷ್ಟ್ರು ನನ್ನನ್ನು ಕರೆಯುತ್ತಿದ್ದ ಮಾತುಗಳೇ ಎಲ್ಲ.

ಕಪ್ಪು ಸುರಿಯಬೇಡ, ಸತ್ತೇ ಹೋಗುತ್ತದೆ.
ಕೆಂಪನ್ನು ತಗ್ಗಿಸಲು ಅದರ ಎದುರಾಳಿಯನ್ನೇ ಕರೆ.
ಹಸಿರು, ಒಂದೇ ಹನಿ. ಕಲಕು. ಕಾಯು.
ಎರಡನೆಯ ಹನಿಗೆ ಬೊಬ್ಬೆ ನಿಂತಿತು,
ಐದಕ್ಕೆ, ಯಾರದೋ ಮಾತಿಗೆ ಕಿವಿಗೊಟ್ಟಂತೆ
ಕೆಂಪು ತುಸು ತಲೆ ವಾಲಿಸಿತು.
ಏಳಕ್ಕೆ ನನ್ನ ಕೈ ನಡುಗಿ ಒಂದು ಹೆಚ್ಚಾಯಿತು.
ಕೆಸರು.
ಚೆಲ್ಲಿ, ತೊಳೆದು, ಮತ್ತೆ ಮೊದಲಿಂದ.

ನಾಲ್ಕು ಗಂಟೆಗೆ, ಬೆಳಕು ಕೈಕೊಡುವ ಮುಂಚೆ,
ಹೊಸ ನೂಲು ಹಿಂಡಿ ಒಣಗಿಸಿ
ಹಳೆಯ ತುಂಡಿನ ಮೇಲಿಟ್ಟೆ.
ಡೋರೀನ್ ಕಣ್ಣು ಕಿರಿದು ಮಾಡಿ ಬಗ್ಗಿದಳು.
ಎಲ್ಲಿಟ್ಟೆ? ಅಂದಳು.
ಅವಳು ಹೊಗಳುವುದು ಅಷ್ಟೇ.

ಚೌಕವನ್ನು ಚಾಪೆಲ್ಲಿನವರು ವಾಪಸು ಕೇಳಲಿಲ್ಲ.
ನನ್ನ ಮೇಜಿನ ಮೇಲೆ ಬೂದು ರಟ್ಟಿಗೆ ಅಂಟಿಸಿದ್ದೇನೆ,
ಬೂದು ಪಕ್ಕಕ್ಕಿದ್ದರೆ ಇನ್ನಷ್ಟು ಕೆರಳುತ್ತದೆ.
ಬೆನ್ನಿಗೆ ಡೋರೀನಳ ಇಂಗ್ಲಿಷ್ ಅಕ್ಷರ:
ಕೆಂಗೆಂಪು ಬರೆಯಹೋಗಿ ಒಂದು ಗಕಾರ ಕಳೆದಿದ್ದಾಳೆ.
ತಿದ್ದಿಲ್ಲ.

ಹಾರ್ಮೋನಿಯಂ ಮತ್ತೆ ತನ್ನ ಜಾಗಕ್ಕೆ ಹೋಗಿದೆಯಂತೆ.
ಕೆಳಗೆ ಈಗ ಬರಿಯ ಹಲಗೆ.